ಸುತ್ತು ನಿಲ್ಲಿಸಿದ ನಾಯಿ

"ಅಪ್ಪಾರ, ಒಬ್ಬನ ಮನಸ್ಸು ಶಾಂತ ಆತು ಅನ್ನೂದು ಹೆಂಗ ತಿಳೀತೈತ್ರಿ?"

ಕೇಳಿದವನು ಬಾಳಪ್ಪ. ಮಠದಲ್ಲಿ ಬಹುಕಾಲದಿಂದ ಇದ್ದ ಶಿಷ್ಯ. ಅವನು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಅದು. ಪಡಸಾಲೆಯ ಕಂಬಕ್ಕೆ ಒರಗಿ ಅವನ ತಮ್ಮ ಲಗಮಪ್ಪ ಕುಳಿತಿದ್ದ. ಮುಂದೆ ಪ್ರಸಾದದ ತಟ್ಟೆ ಇತ್ತು. ಅದನ್ನು ಅವನು ಮುಟ್ಟಿರಲಿಲ್ಲ.

ಲಗಮಪ್ಪ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವನು. ಈ ದಂಡೆಯವರನ್ನು ಆ ದಂಡೆಗೆ, ಆ ದಂಡೆಯವರನ್ನು ಈ ದಂಡೆಗೆ ದಾಟಿಸುತ್ತ, ಹತ್ತಿದವರ ಊರು ಕೇರಿ ವಿಚಾರಿಸುತ್ತ ಬೆಳೆದವನು. ಹೊಳೆಗೆ ಸೇತುವೆಯಾಯಿತು. ಹರಿಗೋಲು ದಂಡೆಯ ಮೇಲೆ ಬೋರಲು ಬಿತ್ತು. ತಮ್ಮ ಹಾಳಾಗಬಾರದೆಂದು ಬಾಳಪ್ಪ ಅವನನ್ನು ಮಠಕ್ಕೆ ಕರೆತಂದ. ತಾನು ಉಣ್ಣುವುದನ್ನೇ ಉಣಿಸಿದ, ತಾನು ಓದಿದ್ದನ್ನೇ ಓದಿಸಿದ, ತನ್ನ ಪಕ್ಕದಲ್ಲೇ ಚಾಪೆ ಹಾಕಿಕೊಟ್ಟ. ಮೊದಮೊದಲು ಲಗಮಪ್ಪ ಸಂಜೆಯಾದರೆ ಮಠದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಬಂದವರನ್ನೆಲ್ಲ ಯಾವೂರಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಮಾತಿಗೆಳೆಯುತ್ತಿದ್ದ. ಅದು ಚಂಚಲ ಬುದ್ಧಿ ಎಂದು ಬಾಳಪ್ಪ ಬಿಡಿಸಿದ. ಈಗ ಲಗಮಪ್ಪ ಕೂರಿಸಿದಲ್ಲಿ ಕೂರುತ್ತಿದ್ದ.

"ನೋಡ್ರಿ ಅಪ್ಪಾರ, ಈಗ ಬಾಗಲಕ್ಕ ಹೋಗೂದಿಲ್ಲ. ಯಾರನ್ನೂ ಮಾತಾಡ್ಸೂದಿಲ್ಲ. ಊಟದ್ದೂ ಹಂಬಲ ಇಲ್ಲ. ಇವಗ ವೈರಾಗ್ಯ ಬಂತು ಅಂತಾರ ಎಲ್ಲಾರೂ. ಬರೂ ಹುಣ್ಣಿವಿಗೆ ದೀಕ್ಷಾ ಕೊಡಬಹುದೇನ್ರಿ?"

ಗುರುಗಳು ಲಗಮಪ್ಪನನ್ನು ನೋಡಲಿಲ್ಲ. ಅವನ ಮುಂದಿದ್ದ ತಟ್ಟೆಯನ್ನು ನೋಡಿದರು. ಅವರಿಗೆ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆಡುಮಾತು ಹಿಂದೆ ಸರಿದು ಪ್ರವಚನದ ಮಾತು ಬರುತ್ತಿತ್ತು. ಬಾಳಪ್ಪನಿಗೆ ಇದು ಗೊತ್ತಿತ್ತು. ಆದರೆ ಈಗ ಸಿಟ್ಟಿಗೆ ಕಾರಣವೇನೆಂದು ತಿಳಿಯಲಿಲ್ಲ.

"ನಾಯಿ ಸಾಕೀಯೇನು?" ಎಂದರು ಗುರುಗಳು.

"ಇಲ್ರಿ."

"ಹಂಗಾರ ಕೂಡು. ಕೇಳು."

ಗುರುಗಳು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಅರಳೆಯ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನೀನು ಅವನನ್ನು ಕೆಟ್ಟವನೆಂದು ಬೈದು ಹಗುರಾಗಲು ನೋಡುತ್ತೀ. ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ. ಅವನು ಆಳುಗಳ ಮೇಲೆ ಕೈ ಎತ್ತಿದವನಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ.

ಅವನ ಮನೆಯಲ್ಲಿ ಒಂದು ಸಣ್ಣ ನಾಯಿ ಇತ್ತು. ಬಿಳಿಯದು, ಮೈತುಂಬ ಉದ್ದ ಕೂದಲಿನದು. ಹೆಂಡತಿ ತಂದು ಸಾಕಿದ್ದು. ಅವಳು ತೀರಿಕೊಂಡ ಮೇಲೆ ನಾಯಿ ಇವನ ಮಡಿಲಿಗೆ ಬಂತು. ಆ ಜಾತಿಯ ಗುಣವೇ ಅದು. ಅದಕ್ಕೆ ಮಡಿಲು ಬೇಕು. ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ. ಗುಡುಗಿದರೆ ನಡುಗುತ್ತದೆ, ಪಟಾಕಿ ಹೊಡೆದರೆ ಮಂಚದ ಕೆಳಗೆ ನುಗ್ಗುತ್ತದೆ. ದಿನವೂ ಬಾಚಬೇಕು, ಇಲ್ಲದಿದ್ದರೆ ಕೂದಲು ಗಂಟುಕಟ್ಟಿ ಚರ್ಮ ಹುಣ್ಣಾಗುತ್ತದೆ. ಬೇಸಿಗೆಯಲ್ಲಿ ಒದ್ದೆ ಗೋಣಿ ಹಾಸಿ ನೆರಳಲ್ಲಿ ಮಲಗಿಸಬೇಕು. ಬಂದವರಿಗೆಲ್ಲ ಬೊಗಳುತ್ತದೆ. ಬೊಗಳಿ ಬಂದು ಮಡಿಲು ಹತ್ತಿದರೆ ಅದರ ಶೌರ್ಯ ಮುಗಿಯಿತು.

ವ್ಯಾಪಾರಿ ಇದನ್ನೆಲ್ಲ ಮಾಡಿದ. ಅಂಗಡಿ ಮುಚ್ಚಿ ಬಂದವನೇ ಬಾಚಣಿಗೆ ಹಿಡಿದು ಕೂರುತ್ತಿದ್ದ. ಹಾಲನ್ನ ಕಲಸಿ ಬೆರಳಿನಿಂದ ತಿನ್ನಿಸುತ್ತಿದ್ದ. ಹೆಂಡತಿಯೊಂದಿಗೆ ಆಡಬೇಕಾಗಿದ್ದ ಮಾತನ್ನೆಲ್ಲ ಅದರೊಂದಿಗೆ ಆಡಿದ. ನಾಯಿ ಮುದಿಯಾಗಿ, ಕಣ್ಣು ಕಾಣದಾಗಿ, ಕೊನೆಗೆ ಅವನ ಮಡಿಲಲ್ಲೇ ಪ್ರಾಣ ಬಿಟ್ಟಿತು. ಅವನು ಅತ್ತ. ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂಬ ಸಮಾಧಾನವೂ ಅವನಿಗಿತ್ತು. ಆ ಸಮಾಧಾನದಲ್ಲಿ ಸುಳ್ಳಿರಲಿಲ್ಲ.

ಪ್ರೀತಿ ಮಾಡುವುದು ಹೇಗೆಂದು ಅವನ ಕೈಗೆ ಕಲಿಸಿದ್ದು ಆ ನಾಯಿ. ಅವನ ಕೈ ಅದೊಂದನ್ನೇ ಕಲಿಯಿತು. ಮುಂದಿನ ಸಂಕಟವೆಲ್ಲ ಅಲ್ಲಿಂದ ಹುಟ್ಟಿದ್ದು.

ಮನೆ ಬಿಕೋ ಎನ್ನುತ್ತಿರುವುದನ್ನು ನೋಡಿ ಹಳ್ಳಿಯ ಗೌಡನೊಬ್ಬ ಅವನಿಗೆ ಇನ್ನೊಂದು ನಾಯಿಯನ್ನು ಕೊಟ್ಟ. ಮುಧೋಳ ಸೀಮೆಯ ಬೇಟೆ ನಾಯಿ. ಉದ್ದ ಕಾಲು, ಉದ್ದ ಮೂತಿ, ತೆಳು ಚರ್ಮ. ಪಕ್ಕೆಲುಬುಗಳು ಹೊರಗೆ ಕಾಣುತ್ತಿದ್ದವು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಆ ಜಾತಿ ಇರುವುದೇ ಹಾಗೆ. ಅದು ಓಡುವ ಮೈ. ಬೆಳಿಗ್ಗೆ ಸಂಜೆ ಅದನ್ನು ಬಯಲಿಗೆ ಬಿಡಬೇಕು. ಕಣ್ಣಿಗೆ ದೂರದ ಬಯಲು ಬೇಕು, ಕಾಲಿಗೆ ಮೆತ್ತನೆಯ ಮಣ್ಣು ಬೇಕು. ಮನೆಯವರ ಜೊತೆ ಮೃದುವಾಗಿರುತ್ತದೆ, ಆದರೆ ಹಿಡಿದು ಮುದ್ದಾಡಿದರೆ ಸಹಿಸಿಕೊಳ್ಳುತ್ತದೆಯೇ ಹೊರತು ಇಷ್ಟಪಡುವುದಿಲ್ಲ. ಗೌಡ ಇಷ್ಟನ್ನೂ ಹೇಳಿಯೇ ಕೊಟ್ಟಿದ್ದ.

ವ್ಯಾಪಾರಿ ಆ ಪಕ್ಕೆಲುಬು ನೋಡಿದ. ಅವನ ಕಣ್ಣು ತುಂಬಿತು. ಉಪವಾಸ ಕೆಡವಿದ್ದಾರೆ ಪಾಪ ಎಂದುಕೊಂಡ. ಗೌಡನ ಮೇಲೆ ಒಳಗೇ ಸಿಟ್ಟಾದ. ಆ ದಿನದಿಂದ ತುಪ್ಪದ ಅನ್ನ ಶುರುವಾಯಿತು.

ನಾಯಿ ದಪ್ಪವಾಯಿತು. ಪಕ್ಕೆಲುಬು ಮುಚ್ಚಿದವು. ನೆರೆಯವರು ಭೇಷ್ ಎಂದರು. ಬಯಲಿಗೆ ಬಿಟ್ಟರೆ ಎಲ್ಲಿ ಹೋದೀತೋ, ಯಾವ ಗಾಡಿಗೆ ಸಿಕ್ಕೀತೋ ಎಂಬ ಹೆದರಿಕೆಯಿಂದ ಅವನು ಅದನ್ನು ಒಳ ಅಂಗಳದಲ್ಲೇ ಇಟ್ಟ. ಕಲ್ಲು ಹಾಸಿನ ಮೇಲೆ ಮಲಗಿ ಮಲಗಿ ಮೊಣಕೈಗಳಲ್ಲಿ ಹುಣ್ಣಾಯಿತು. ಅವನು ಹುಣ್ಣಿಗೆ ಎಣ್ಣೆ ಹಚ್ಚಿದ. ಸಂಜೆ ಅದನ್ನು ಎಳೆದು ಮಡಿಲ ಮೇಲೆ ಹಾಕಿಕೊಳ್ಳುತ್ತಿದ್ದ. ಅರ್ಧ ಮೈ ಮಡಿಲಲ್ಲಿ, ಅರ್ಧ ಮೈ ನೆಲದಲ್ಲಿ. ಅದು ಸುಮ್ಮನಿರುತ್ತಿತ್ತು. ಅದರ ಕಣ್ಣು ಮಾತ್ರ ಅವನ ಹೆಗಲ ಮೇಲಿಂದ ಮಾಳಿಗೆಯ ಆಚೆಗಿದ್ದ ಆಕಾಶದ ಕಡೆಗೆ ಇರುತ್ತಿತ್ತು.

ನಗಬೇಡ ಬಾಳಪ್ಪ. ನಗುವ ಕತೆಯಲ್ಲ ಇದು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತೆರೆದಿತ್ತು. ಹಿತ್ತಲಿನ ಆಚೆ ಹೊಲ, ಹೊಲದ ಬದುವಿನಲ್ಲಿ ಒಂದು ಮೊಲ. ನಾಯಿ ಓಡಿತು. ವ್ಯಾಪಾರಿ ಹಿಂದೆಯೇ ಕೂಗುತ್ತ ಓಡಿದ. ತನ್ನ ನಾಯಿ ಓಡುವುದನ್ನು ಅವನು ಕಂಡದ್ದು ಅದೇ ಮೊದಲು. ಕೂಗುವುದನ್ನೂ ಮರೆತು ನಿಂತುಬಿಟ್ಟನಂತೆ. ಕೆಲಸದಲ್ಲಿದ್ದವರು ಕೆಲಸ ಬಿಟ್ಟು ನೋಡಿದರಂತೆ. ಅಷ್ಟು ಚೆಂದದ ಓಟ. ಆದರೆ ಮೈಯಲ್ಲಿ ತುಪ್ಪವಿತ್ತು, ತಲೆಯ ಮೇಲೆ ಬಿಸಿಲಿತ್ತು. ಓಡುವ ಜಾತಿಗೆ ನಿಲ್ಲುವುದು ತಿಳಿಯದು. ಕೆರೆಯ ಏರಿ ದಾಟಿದ ಮೇಲೆ ಅದು ಬಿತ್ತು. ಅವನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವ್ಯಾಪಾರಿ ಹೆಣದ ಪಕ್ಕದಲ್ಲಿ ಕುಸಿದು ಕೂತ. ಆಗ ಅವನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? ಹಿತ್ತಲ ಬಾಗಿಲು ತೆರೆದವರು ಯಾರು ಎಂದು. ದುಃಖದಲ್ಲಿದ್ದವನು ಕೈಗೆ ಸಿಕ್ಕ ಕಾರಣವನ್ನೇ ಹಿಡಿದುಕೊಳ್ಳುತ್ತಾನೆ. ನಾಯಿ ಸತ್ತದ್ದು ಬಾಗಿಲು ತೆರೆದಿದ್ದರಿಂದ ಎಂದು ಅವನು ನಂಬಿದ. ಅದಕ್ಕೆ ಬೇಕಾದ್ದು ಬಾಗಿಲ ಆಚೆಗಿತ್ತು ಎಂಬುದು ಅವನ ತಲೆಗೆ ಹೋಗಲಿಲ್ಲ.

ಇಲ್ಲಿ ಬಾಳಪ್ಪ ತಡೆಯಲಾರದೆ, "ಬಲೇ ಮಬ್ಬ ಮನಶ್ಯಾ ಇರಬೇಕು ಬಿಡ್ರಿ," ಎಂದ.

"ಮಬ್ಬ ಆಗಿದ್ರ ಕತಿ ಇಲ್ಲಿಗೇ ಮುಗೀತಿತ್ತು. ಅಂವ ಶಾಣ್ಯಾ ಇದ್ದ. ಅದಕ್ಕ ಇನ್ನೂ ಐತಿ," ಎಂದರು ಗುರುಗಳು. ಮತ್ತೆ ಕತೆಯ ಮಾತಿಗೆ ಮರಳಿದರು.

ಊರ ಹೊರಗೆ ವ್ಯಾಪಾರಿಗೆ ಹೊಲವಿತ್ತು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಬಂದು ಆ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಸುತ್ತಲೂ ಬಲೆ ಕಟ್ಟಿ ಕುರಿಗಳನ್ನು ಒಳಗೆ ಕೂಡುತ್ತಾರೆ. ಅದಕ್ಕೆ ಹಟ್ಟಿ ಎನ್ನುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ. ಕುರಿಗಾರರಿಗೆ ಹೊಲದವನ ಬಾವಿಯ ನೀರು ಸಿಗುತ್ತದೆ. ಆ ಸೀಮೆಯಲ್ಲಿ ಬೇಸಿಗೆಗೆ ನೀರಿದ್ದ ಬಾವಿ ಇವನದೇ.

ಆ ವರ್ಷ ಹಟ್ಟಿಯ ಜೊತೆ ಎರಡು ನಾಯಿಗಳಿದ್ದವು. ಒಂದು ದಿನ ವ್ಯಾಪಾರಿ ಅಲ್ಲಿ ಬಹಳ ಹೊತ್ತು ಕುಳಿತ. ಅವುಗಳಲ್ಲಿ ದೊಡ್ಡದನ್ನು ನೋಡಿದ. ಒರಟು ಕೂದಲು, ಅಗಲವಾದ ತಲೆ. ಅದರ ಕೊರಳಿಗೆ ಹಗ್ಗವಿಲ್ಲ. ಆದರೂ ಅದು ಹಟ್ಟಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೊಲ ಎದ್ದರೆ ತಲೆ ಎತ್ತಿ ನೋಡುತ್ತದೆ, ಮತ್ತೆ ಮಲಗುತ್ತದೆ. ಓಡಿಹೋಗದ ಜಾತಿ ಇದು ಎಂದುಕೊಂಡ. ನನಗೆ ಬೇಕಾದದ್ದು ಇದೇ, ಇದು ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದುಕೊಂಡ.

ಅದು ಹೋಗುತ್ತಿರಲಿಲ್ಲ, ನಿಜ. ಯಾಕೆಂದರೆ ಅದು ಕಾಯಬೇಕಾದದ್ದೆಲ್ಲ ಅಲ್ಲಿತ್ತು. ಹಟ್ಟಿಯ ನಾಯಿಯ ಗುಣ ಬೇರೆ. ಅದು ಹಗಲು ಮಲಗಿ ಇರುಳು ಎಚ್ಚರವಾಗಿರುತ್ತದೆ. ಕರೆದರೆ ಬರುತ್ತದೆಂಬ ಖಾತ್ರಿ ಇಲ್ಲ, ತನಗೆ ಸರಿ ಕಂಡಂತೆ ಮಾಡುತ್ತದೆ. ಮೈ ತಟ್ಟಿದರೆ ಎದ್ದು ಆಚೆ ಹೋಗಿ ಮಲಗುತ್ತದೆ. ಅದು ಒಬ್ಬ ಮನುಷ್ಯನಿಗೆ ಸೇರಿದ್ದಲ್ಲ, ಹಟ್ಟಿಗೆ ಸೇರಿದ್ದು. ಮರಿಯಾಗಿದ್ದಾಗಲೇ ಕುರಿಮರಿಗಳ ನಡುವೆ ಮಲಗಿ ಅವುಗಳ ವಾಸನೆಯೇ ಅದರ ವಾಸನೆಯಾಗಿರುತ್ತದೆ. ಕುರಿಗಳು ಅದನ್ನು ನಾಯಿಯೆಂದು ತಿಳಿಯುವುದೇ ಇಲ್ಲ.

ವ್ಯಾಪಾರಿ ಕುರಿಗಾರನನ್ನು ಕರೆದು ಆ ನಾಯಿಯನ್ನು ಕೇಳಿದ. ಕುರಿಗಾರನ ಮುಖ ಸಣ್ಣದಾಯಿತು.

"ಸಾವಕಾರ್ರ, ಬೇಕಾರ ಟಗರು ಒಯ್ರಿ. ಹಾಲಿನ ಕುರಿ ಒಯ್ರಿ. ನಾಯಿ ಬ್ಯಾಡ್ರಿ."

"ಟಗರು ನನಗ್ಯಾಕಪಾ? ನಾಯೀನ ಬೇಕು. ಮಗನಂಗ ಜ್ವಾಕಿ ಮಾಡ್ತೀನಿ, ಕಾಳಜಿ ಬಿಡು."

ಕುರಿಗಾರ ಬಾವಿಯ ಕಡೆ ನೋಡಿದ. ನೀರು ಕುಡಿಯುತ್ತಿದ್ದ ಕುರಿಗಳ ಕಡೆ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಕೊಟ್ಟ. ಅವನನ್ನೂ ನಾನು ಒಳ್ಳೆಯವನೆಂದು ಎತ್ತಿ ಕೂರಿಸುವುದಿಲ್ಲ. ಕೊಡುವಾಗ ಅವನು ಇಷ್ಟು ಹೇಳಿದ.

"ಸಂಜೀಗೆ ನಾ ಇದನ್ನ ಕರ್ಕೊಂಡು ಹಟ್ಟಿ ಸುತ್ತ ಒಂದು ಸುತ್ತು ಹಾಕ್ತೀನ್ರಿ. ಆಮ್ಯಾಲ ರೊಟ್ಟಿ ಮುರಿದು ಹಾಕೂದು. ಸುತ್ತು ಹಾಕದ ಇದು ತಿನ್ನೂದಿಲ್ಲ. ಅದೊಂದು ತಪ್ಪಿಸಬ್ಯಾಡ್ರಿ. ಮತ್ತ ಇದರ ಮೈ ತೊಳೀಬ್ಯಾಡ್ರಿ."

ವ್ಯಾಪಾರಿ ತಲೆಯಾಡಿಸಿದ. ಮನಸ್ಸಿನಲ್ಲಿ ಮಾತ್ರ ಮರುಗಿದ. ದುಡಿದರೆ ಮಾತ್ರ ರೊಟ್ಟಿ, ಇವರು ಮೂಕಪ್ರಾಣಿಗೂ ಹೀಗೇ ಮಾಡುತ್ತಾರೆ ಎಂದುಕೊಂಡ. ನನ್ನ ಮನೆಯಲ್ಲಿ ಇದು ತುತ್ತಿಗಾಗಿ ಸುತ್ತು ಹಾಕಬೇಕಾಗಿಲ್ಲ ಎಂದುಕೊಂಡ. ಮನೆಗೆ ತಂದವನೇ ಸೀಗೆಕಾಯಿ ಹಾಕಿ ಬಿಸಿನೀರಿನಲ್ಲಿ ಅದರ ಮೈ ತೊಳೆದ. ಬಾಚಿದ. ಕುರಿಯ ವಾಸನೆ ಹೋಗುವ ತನಕ ತೊಳೆದ. ನಾಯಿ ನಡುಗುತ್ತ ನಿಂತಿತ್ತು, ಕಚ್ಚಲಿಲ್ಲ.

ಸಂಜೆ ತಟ್ಟೆಯಲ್ಲಿ ಅನ್ನ ಬಂತು. ನಾಯಿ ಮೂಸಲಿಲ್ಲ. ಎದ್ದು ಮನೆಯ ಸುತ್ತ ಹೊರಟಿತು. ಹಟ್ಟಿ ಇಲ್ಲವಲ್ಲ, ಇದ್ದ ಮನೆಯನ್ನೇ ಹಟ್ಟಿ ಮಾಡಿಕೊಂಡಿತು. ಇದ್ದ ಮನುಷ್ಯರನ್ನೇ ಕುರಿ ಮಾಡಿಕೊಂಡಿತು. ಬೀದಿಯಲ್ಲಿ ಆಡುತ್ತಿದ್ದ ನೆರೆಮನೆಯ ಮಕ್ಕಳನ್ನು ಹೆಗಲಿನಿಂದ ತಳ್ಳಿ ತಳ್ಳಿ ಅಂಗಳಕ್ಕೆ ತಂದಿತು. ಕೊಟ್ಟಿಗೆಯಿಂದ ಹೊರಬಿದ್ದ ಕರುವನ್ನು ಒಳಗೆ ಹಾಕಿತು. ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಆ ಸಂಜೆ ಅದು ಸ್ವಲ್ಪ ಉಂಡಿತು. ಇಡೀ ಕತೆಯಲ್ಲಿ ಅದೊಂದು ಸಂಜೆ ಎಲ್ಲ ಸರಿಯಿತ್ತು ಬಾಳಪ್ಪ. ಆ ಮನೆಯಲ್ಲಿ ಒಬ್ಬರಾದರೂ ಅದನ್ನು ಗಮನವಿಟ್ಟು ನೋಡಿದ್ದರೆ ಸಾಕಿತ್ತು.

ಆದರೆ ಮನೆ ಹಟ್ಟಿಯಲ್ಲ. ಹಟ್ಟಿಗೆ ಬಲೆ ಕಟ್ಟಿದ ಮೇಲೆ ಯಾರೂ ಹೊರಗೆ ಹೋಗುವುದಿಲ್ಲ. ಮನೆಯಲ್ಲಿ ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ದೀಪ ಹಚ್ಚಿದ ಮೇಲೆ ಒಬ್ಬ ಗಿರಾಕಿ ಎದ್ದು ಹೊರಟ. ನಾಯಿ ಅಡ್ಡ ನಿಂತಿತು. ಅವನು ದಾಟಿ ಹೋದ. ನಾಯಿ ಅವನ ಹಿಮ್ಮಡಿಯನ್ನು ಹಲ್ಲಿನಿಂದ ಮೆಲ್ಲಗೆ ಹಿಡಿಯಿತು. ತಪ್ಪಿಸಿಕೊಂಡ ಕುರಿಯನ್ನು ಹಿಡಿಯುವುದು ಹೀಗೆಯೇ. ರಕ್ತ ಬರಲಿಲ್ಲ. ಆದರೆ ಗಿರಾಕಿ ಬೊಬ್ಬೆ ಹಾಕಿದ. ಕಚ್ಚುವ ನಾಯಿ ಎಂಬ ಹೆಸರು ಪೇಟೆ ತುಂಬ ಹರಡಿತು.

ವ್ಯಾಪಾರಿ ಅದನ್ನು ಹೊಡೆಯಲಿಲ್ಲ. ಸರಪಳಿ ತಂದ. ಕೊರಳಿಗೆ ನೋವಾಗಬಾರದೆಂದು ಚರ್ಮದ ಪಟ್ಟಿಯೊಳಗೆ ತನ್ನ ಅಂಗಡಿಯ ಅತ್ಯಂತ ಮೃದುವಾದ ಅರಳೆಯನ್ನು ತುಂಬಿಸಿ ಹೊಲಿಸಿದ. ಅಷ್ಟು ಪ್ರೀತಿ. ಅಂಗಳದ ನಡುವಿನ ಕಂಬಕ್ಕೆ ಕಟ್ಟಿದ.

ಸಂಜೆಯಾಯಿತು. ನಾಯಿ ಎದ್ದು ಸುತ್ತು ಹೊರಟಿತು. ಸರಪಳಿ ಕಂಬಕ್ಕೆ ಸುತ್ತಿಕೊಳ್ಳುತ್ತ ಬಂತು. ಸುತ್ತು ಚಿಕ್ಕದಾಗುತ್ತ ಬಂತು. ಕಡೆಗೆ ಅದರ ಕೊರಳು ಕಂಬಕ್ಕೆ ಹತ್ತಿ ನಿಂತಿತು. ವ್ಯಾಪಾರಿ ಬಂದು, ಅಯ್ಯೋ ಹುಚ್ಚಪ್ಪಾ ಎನ್ನುತ್ತ ಬಿಚ್ಚಿ ಬಿಟ್ಟ. ಅದು ಮತ್ತೆ ಹೊರಟಿತು. ದಿನವೂ ಇದೇ ಆಯಿತು. ಸುತ್ತು ಎಂದೂ ಮುಗಿಯಲಿಲ್ಲ. ಮುಗಿಯದಿದ್ದರಿಂದ ನಾಯಿ ಉಣ್ಣಲಿಲ್ಲ. ಅವನು ಪಕ್ಕದಲ್ಲಿ ಕೂತು ತುತ್ತು ಮಾಡಿ ಬಾಯಿಗಿಟ್ಟ. ಅವನ ಮುಖ ನೋಡಿ ಅದು ಒಂದೊಂದು ತುತ್ತು ನುಂಗಿತು. ಅದು ಹಸಿವಿನ ಊಟವಾಗಿರಲಿಲ್ಲ, ದಾಕ್ಷಿಣ್ಯದ್ದು.

ಸುತ್ತಿ ಸುತ್ತಿ ಕೊರಳು ಸವೆಯಿತು. ಅವನಿಗೆ ನೋಡಲಾಗಲಿಲ್ಲ. ಕಂಬದಿಂದ ಬಿಚ್ಚಿ ಗೋಡೆಗೆ ಹೊಡೆದಿದ್ದ ಕಬ್ಬಿಣದ ಬಳೆಗೆ ಕಟ್ಟಿದ. ಸರಪಳಿಯನ್ನೂ ಗಿಡ್ಡ ಮಾಡಿಸಿದ. ಈಗ ಸುತ್ತಲು ಬರುವುದಿಲ್ಲ. ಗೋಡೆ ಅಡ್ಡ ಬರುತ್ತದೆ. ಕೆಲವು ಸಂಜೆ ನಾಯಿ ಗೋಡೆಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ನಡೆಯಿತು. ಆಮೇಲೆ ಕುಳಿತಲ್ಲೇ ತಲೆಯನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿತು. ಆಮೇಲೆ ಅದನ್ನೂ ಬಿಟ್ಟಿತು.

ಮೈ ತಟ್ಟಿದರೆ ಈಗ ಎದ್ದು ಹೋಗುತ್ತಿರಲಿಲ್ಲ. ಬಂದವರ ಹಿಮ್ಮಡಿಯ ಗೊಡವೆ ಇರಲಿಲ್ಲ. ಮಕ್ಕಳು ಬೀದಿಗೆ ಹೋದರೆ ಹೋಗಲಿ, ಕರು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ಮಲಗಿಸಿದಲ್ಲಿ ಮಲಗಿರುತ್ತಿತ್ತು. ವ್ಯಾಪಾರಿ ಅದನ್ನು ಎಳೆದು ತಲೆಯನ್ನು ಮಡಿಲಲ್ಲಿಟ್ಟುಕೊಂಡರೆ ಇಟ್ಟಂತೆಯೇ ಇರುತ್ತಿತ್ತು.

ವ್ಯಾಪಾರಿಗೆ ಸಂತೋಷವಾಗಬೇಕಿತ್ತು. ಹೆಂಡತಿಯ ನಾಯಿ ಹೀಗೆಯೇ ಇತ್ತಲ್ಲ. ಅಂಗಡಿಗೆ ಬಂದವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದ. ನೋಡಿ, ಎಷ್ಟು ಶಾಂತವಾಗಿದೆ, ಹೌದಲ್ಲವೇ ಎಂದು ಕೇಳುತ್ತಿದ್ದ. ಹೌದು ಎಂದರೆ ಅವನ ಮುಖ ಒಂದು ಗಳಿಗೆ ಅರಳುತ್ತಿತ್ತು. ಮತ್ತೆ ಇನ್ನೊಬ್ಬರನ್ನು ಕರೆಯುತ್ತಿದ್ದ. ಪೇಟೆಯವರೆಲ್ಲ ಹೌದೆಂದರು. ಅವನಿಗೆ ಸಾಲಲಿಲ್ಲ.

ಮರು ವರ್ಷ ಸುಗ್ಗಿ ಮುಗಿಯಿತು. ಕುರಿಗಾರರು ಬಂದು ಹೊಲದಲ್ಲಿ ಹಟ್ಟಿ ಹಾಕಿದರು. ವ್ಯಾಪಾರಿ ನಾಯಿಯನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಸರಪಳಿ ಸಡಿಲವಾಗಿತ್ತು. ನಾಯಿ ಅವನ ಕಾಲಿಗೆ ಕಾಲು ಕೂಡಿಸಿ ನಡೆಯಿತು.

"ನೋಡಪಾ," ಎಂದ ಅವನು ಕುರಿಗಾರನಿಗೆ. "ಎಷ್ಟು ಶಾಂತ ಆಗೇತಿ. ಹೌದಲ್ಲೋ?"

ಕುರಿಗಾರ ಹತ್ತಿರ ಬಂದು ಕೈ ಚಾಚಿದ. ನಾಯಿ ಕೈ ಮೂಸಿತು. ಬಾಲ ಒಂದು ಸಲ ಅಲ್ಲಾಡಿ ನಿಂತಿತು. ಕುರಿಗಾರ ಬಗ್ಗಿ ಕೊರಳಪಟ್ಟಿಯನ್ನು ತಾನೇ ಬಿಚ್ಚಿದ. ಅರಳೆ ಒತ್ತಿ ಒತ್ತಿ ಅಲ್ಲಿ ಕೂದಲಿರಲಿಲ್ಲ.

ಎದುರಿಗೆ ಹಟ್ಟಿ. ಒಳಗೆ ಕುರಿಗಳು. ಬಿಸಿಲು ಇಳಿದಿತ್ತು. ಸುತ್ತು ಹಾಕುವ ಹೊತ್ತು. ಕುರಿಗಾರ ಯಾವಾಗಲೂ ಮಾಡುವಂತೆ ನಾಲಗೆಯಿಂದ ಸದ್ದು ಮಾಡಿ ಬಲೆಯ ಪಕ್ಕಕ್ಕೆ ಹೊರಟ. ನಾಯಿ ಅವನ ಹಿಂದೆ ಹೆಜ್ಜೆ ಇಟ್ಟಿತು. ಗೋಡೆಯ ಸರಪಳಿ ಎಷ್ಟು ಉದ್ದವಿತ್ತೋ ಅಷ್ಟು ದೂರ ನಡೆಯಿತು. ಅಲ್ಲಿ ನಿಂತಿತು. ಕೊರಳಲ್ಲಿ ಏನೂ ಇರಲಿಲ್ಲ. ಎಳೆಯುವವರು ಯಾರೂ ಇರಲಿಲ್ಲ. ಆದರೂ ಅದು ಮುಂದೆ ಹೋಗಲಿಲ್ಲ.

ಕುರಿಗಳು ಅದನ್ನು ಕಂಡು ಬೆದರಿದವು. ಅದರ ಮೈಯಲ್ಲಿ ಸೀಗೆಕಾಯಿಯ ವಾಸನೆ ಇತ್ತು. ಅವು ಬಲೆಯ ಆಚೆ ತುದಿಗೆ ಒತ್ತರಿಸಿಕೊಂಡು ನಿಂತವು. ಅದು ಹುಟ್ಟಿದ ದಿನದಿಂದ ಜೊತೆಗೆ ಮಲಗಿದ್ದ ಕುರಿಗಳು. ನಾಯಿ ಅವನ್ನು ನೋಡಿತು. ತಿರುಗಿ ಬಂದು ವ್ಯಾಪಾರಿಯ ಕಾಲ ಬಳಿ ಕುಳಿತಿತು.

ಆಗ ವ್ಯಾಪಾರಿಯ ಎದೆ ಒಡೆಯಿತು. ಇಟ್ಟುಕೋ ಇದನ್ನು, ವಾಪಸು ಇಟ್ಟುಕೋ, ಬಾವಿ ನಿನ್ನದೇ, ಹೊಲ ನಿನ್ನದೇ, ಏನು ಬೇಕಾದರೂ ತಗೋ ಎಂದು ಕುರಿಗಾರನ ಕೈ ಹಿಡಿದುಕೊಂಡ. ಕುರಿಗಾರ ತಲೆ ಎತ್ತಲಿಲ್ಲ. ಕೊಟ್ಟ ದಿನ ಬಾವಿಯ ಕಡೆ ನೋಡಿದ್ದನಲ್ಲ, ಅದು ಅವನಿಗೂ ನೆನಪಿತ್ತು.

"ಒಯ್ರಿ ಸಾವಕಾರ್ರ," ಎಂದ. "ಅದು ಈಗ ನಿಮ್ಮ ನಾಯಿ ಆಗೇತಿ."

ವ್ಯಾಪಾರಿ ಬಯಸಿದ್ದು ಇದನ್ನೇ. ಎರಡು ಸುಗ್ಗಿಗಳ ನಡುವೆ ಅವನು ಹಂಬಲಿಸಿದ್ದು ಈ ಒಂದು ಮಾತಿಗೆ. ಈಗ ಅದು ಸಿಕ್ಕಿತು.

ಅವನು ಹೊಲದ ಬದುವಿನ ಮೇಲೆ ಕುಳಿತ. ನಾಯಿ ತಾನಾಗಿಯೇ ತಲೆಯನ್ನು ಅವನ ಮಡಿಲಲ್ಲಿಟ್ಟಿತು. ಅವನು ಎಳೆಯಬೇಕಾಗಲಿಲ್ಲ. ಅದು ಎಷ್ಟು ಹಗುರಾಗಿದೆ ಎಂಬುದು ಅವನಿಗೆ ಆಗ ತಿಳಿಯಿತು. ಬೇಟೆ ನಾಯಿಯಲ್ಲಿ ಅವನು ಕಂಡು ಅತ್ತಿದ್ದನಲ್ಲ ಪಕ್ಕೆಲುಬು, ಅವು ಈಗ ಈ ಒರಟು ಕೂದಲಿನ ಕೆಳಗೆ ಕೈಗೆ ಸಿಗುತ್ತಿದ್ದವು. ಈ ಸಲ ಅವು ಹಸಿವಿನ ಪಕ್ಕೆಲುಬುಗಳೇ ಆಗಿದ್ದವು. ಕೂದಲು ಮುಚ್ಚಿದ್ದರಿಂದ ಅವನಿಗೆ ಕಂಡಿರಲಿಲ್ಲ.

ಕುರಿಗಾರ ತನ್ನ ಇನ್ನೊಂದು ನಾಯಿಯನ್ನು ಕರೆದ. ಕತ್ತಲಾಗುವ ಮೊದಲು ಸುತ್ತು ಮುಗಿಯಬೇಕು. ಆ ನಾಯಿ ಮುಂದೆ, ಕುರಿಗಾರ ಹಿಂದೆ, ಬಲೆಯ ಪಕ್ಕದಲ್ಲಿ ಹೊರಟರು. ಮಡಿಲಲ್ಲಿದ್ದ ನಾಯಿ ಕಿವಿ ಎತ್ತಿತು. ಆ ನಾಯಿಯನ್ನು ಕಣ್ಣಿನಿಂದ ಹಿಂಬಾಲಿಸಿತು. ಈ ಮೂಲೆ, ಆ ಮೂಲೆ, ಹಟ್ಟಿಯ ಹಿಂಬದಿ. ಅಲ್ಲಿ ಆ ನಾಯಿ ಕಾಣಲಿಲ್ಲ, ಇದು ಕಾದಿತು. ಮತ್ತೆ ಕಂಡಿತು. ಸುತ್ತು ಮುಗಿಯಿತು. ಕುರಿಗಾರ ರೊಟ್ಟಿ ಮುರಿದು ಆ ನಾಯಿಗೆ ಹಾಕಿದ. ಇನ್ನೊಂದು ತುಂಡು ತಂದು ಇದರ ಮೂತಿಯ ಹತ್ತಿರ ಇಟ್ಟ.

ನಾಯಿ ರೊಟ್ಟಿಯನ್ನು ಮೂಸಿತು. ತಾನು ಸುತ್ತು ಹಾಕಿಲ್ಲವೆಂದು ಅದಕ್ಕೆ ಗೊತ್ತಿತ್ತು. ತಲೆ ಇಳಿಸಿತು. ಮತ್ತೆ ಎತ್ತಲಿಲ್ಲ.

ಗುರುಗಳು ನಿಲ್ಲಿಸಿದರು. ಹೊರಗೆ ಯಾರೋ ದಾರಿಹೋಕರು ಮಠದ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೂಗಿದರು. ಬಾಳಪ್ಪ ತಟ್ಟನೆ ತಮ್ಮನ ಕಡೆ ತಿರುಗಿ ನೋಡಿದ. ಲಗಮಪ್ಪ ಆ ದನಿ ಬಂದ ಕಡೆ ಮುಖ ತಿರುಗಿಸಲಿಲ್ಲ. ತಟ್ಟೆಯ ಮೇಲೆ ನೊಣ ಕೂತಿತ್ತು. ಅದನ್ನೂ ಅವನು ಓಡಿಸಲಿಲ್ಲ.

ಬಾಳಪ್ಪ ಕತೆಯಲ್ಲಿ ತನಗೊಂದು ಸಣ್ಣ ಸಂದಿಯಾದರೂ ಸಿಕ್ಕೀತೇ ಎಂದು ಹುಡುಕಿದ.

"ಅಪ್ಪಾರ, ಅಂವಗ ಗೊತ್ತಾಗಲಿಲ್ಲ ಅಲ್ರೀ? ಹೊಲಕ್ಕ ಹೋಗೂಮಟಾ ಪಾಪ ಆ ವ್ಯಾಪಾರಿಗೆ ಗೊತ್ತಿದ್ದಿಲ್ಲ, ಹೌದಲ್ರೀ?"

ಗುರುಗಳು ಈಗ ಲಗಮಪ್ಪನನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟು ಇರಲಿಲ್ಲ.

"ಗೊತ್ತಿತ್ತಪಾ. ಗೊತ್ತಿರದಿದ್ರ, ಶಾಂತ ಆಗೇತಿ ಹೌದಲ್ಲೋ ಅಂತ ನಿನ್ಹಂಗ ಇನ್ನೊಬ್ಬರನ್ನ ಕೇಳಾಕ ಬರ್ತಿದ್ದಿಲ್ಲ."